ಹಳೆಯ ಕಟ್ಟಿಗೆ ಭಟ್ಟಿಯ ಬೇಕರಿಯ ಇತಿಹಾಸವನ್ನು ಎಲ್ಲಿ ಹುಡುಕಬೇಕು?

ಅಂಕೋಲೆಯಲ್ಲಿರುವ ನಿಮ್ಮ ಅಜ್ಜನ ಬೇಕರಿ ಯಾವ ವರ್ಷ ಆರಂಭವಾಯಿತೆಂಬ ದಾಖಲೆ ಎಲ್ಲಿ ಸಿಕ್ಕೀತು, ಅದನ್ನು ಹೊಸ ಫಲಕದ ಮೇಲೆ ಬರೆಸಿ ದೀಪಾವಳಿಯೊಳಗೆ ಹಳೆಯ ಭಟ್ಟಿ ಒಡೆದು ವಿದ್ಯುತ್ ಓವನ್ ಕೂಡಿಸಬೇಕೆಂದಿದ್ದೇವೆ ಎಂದು ಕೇಳಿದ್ದೀರಿ. ಕಾರವಾರದ ಕೋಡಿಬಾಗದಲ್ಲಿದ್ದ ನಮ್ಮ ಬೇಕರಿಯಲ್ಲಿ ನಾನೂ ಇದೇ ಉತ್ಸಾಹದಿಂದ ವರ್ಷ ಹುಡುಕುತ್ತ ಅಲೆದಿದ್ದೆ. ನಾನು ಹುಡುಕುತ್ತಿದ್ದ ಇತಿಹಾಸದ ಬಹುಭಾಗ ನನ್ನ ಹಿಂದೆಯೇ, ಮಸಿ ಹಿಡಿದ ಕಮಾನಿನೊಳಗೆ ಇತ್ತು ಎಂಬುದು ಅದನ್ನು ಒಡೆಸಿದ ಮೇಲೆ ತಿಳಿಯಿತು.

ನಮ್ಮ ಅಜ್ಜ ಹುಡುಗನಾಗಿದ್ದಾಗ ಗೋವೆಯ ಮಡಗಾಂವ್ ಕಡೆಯ ಒಬ್ಬ ಪೋದೇರನ, ಅಂದರೆ ರೊಟ್ಟಿ ಸುಡುವ ಕಸುಬಿನವನ, ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದವರು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಇಗರ್ಜಿಯ (ಚರ್ಚಿನ) ಪೂಜೆಗೂ ಊಟಕ್ಕೂ ಗೋದಿಯ ರೊಟ್ಟಿ ಬೇಕಾಯಿತು. ಯೀಸ್ಟ್ ಸಿಗದ ಆ ನಾಡಿನಲ್ಲಿ ಹಿಟ್ಟನ್ನು ಉಬ್ಬಿಸಲು ತೆಂಗಿನ ಕಳ್ಳನ್ನು, ಅಂದರೆ ಅಲ್ಲಿಯವರ ಸೂರ್ ಅನ್ನು, ಬಳಸುವ ರೂಢಿ ಬೆಳೆಯಿತು. ದಕ್ಷಿಣ ಗೋವೆಯ ಸಾಸಷ್ಟಿ ತಾಲೂಕಿನ ಮಾಜೋರ್ಡಾ ಗ್ರಾಮವನ್ನು ಗೋವೆಯ ಪೋದೇರರು ತಮ್ಮ ಕಸುಬಿನ ತವರೆಂದೇ ಹೇಳಿಕೊಳ್ಳುತ್ತಾರೆ. ಪಾವ್, ಪೊಯಿ, ಉಂಡೋ, ಬಳೆಯಾಕಾರದ ಕಾಂಕಣ ಈ ಬಗೆಬಗೆಯ ರೊಟ್ಟಿಗಳೆಲ್ಲ ಒಂದೇ ಭಟ್ಟಿಯಿಂದ ಬರುತ್ತಿದ್ದವು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಜ್ಜ ಊರಿಗೆ ಮರಳಿ ತಮ್ಮದೇ ಭಟ್ಟಿ ಕಟ್ಟಿದರು. ಗೋವೆಯ ಗಡಿಯಲ್ಲಿರುವ ನಮ್ಮ ಕಡೆಯ ಊರು ಮಾಜಾಳಿಯ ಆಚೆ ಆಗಿನ್ನೂ ಪೋರ್ಚುಗೀಸರ ಆಡಳಿತವಿತ್ತು. ಅದು ಮುಗಿದದ್ದು 1961ರ ಡಿಸೆಂಬರ್‌ನಲ್ಲಿ.

ಗಡಿಯ ಈಚೆ ಬಂದದ್ದರಿಂದ ಕಸುಬಿನ ಒಂದು ಮುಖ್ಯ ಅಂಗವೇ ಬದಲಾಯಿತು. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಮುಂಬಯಿ ಸರಕಾರದ 1949ರ ಪಾನನಿಷೇಧ ಕಾನೂನು ಕಾರವಾರಕ್ಕೂ ಅನ್ವಯಿಸಿತು. ಗೋವೆಯಲ್ಲಿ ಬೆಳಗಿನ ಪಾವಿಗೆ ಧಾರಾಳವಾಗಿ ಬೀಳುತ್ತಿದ್ದ ಕಳ್ಳನ್ನು ಇಲ್ಲಿ ಇಳಿಸುವುದೇ ಅಪರಾಧವಾದಾಗ, ಅಜ್ಜ ಹಿಂದಿನ ದಿನದ ಹಿಟ್ಟಿನ ಒಂದು ಮುದ್ದೆಯನ್ನು ಮಣ್ಣಿನ ಗಡಿಗೆಯಲ್ಲಿ ಉಳಿಸಿ ಮರುದಿನದ ಹಿಟ್ಟಿಗೆ ಕಲಸುವ ಪದ್ಧತಿಗೆ ಹೊರಳಿದರು. ನಮ್ಮ ಪಾವಿಗೆ ಗೋವೆಯ ಪಾವಿಗಿಂತ ತುಸು ಹೆಚ್ಚು ಹುಳಿ ಇರುತ್ತಿದ್ದುದಕ್ಕೆ ಇದು ಕಾರಣ. ನಿಮ್ಮ ಅಂಕೋಲೆಯೂ ಅದೇ ರಾಜ್ಯದಲ್ಲಿತ್ತು. ನಿಮ್ಮ ಅಜ್ಜ ಆ ವರ್ಷಗಳಲ್ಲಿ ಹಿಟ್ಟನ್ನು ಯಾವುದರಿಂದ ಉಬ್ಬಿಸುತ್ತಿದ್ದರು ಎಂದು ಮನೆಯ ಹಿರಿಯರನ್ನು ಇಂದೇ ಕೇಳಿ. ಬೇಕರಿಯ ಕಾಲವನ್ನು ಗುರುತಿಸಲು ಎಷ್ಟೋ ಸಲ ಪರವಾನಗಿ ಪತ್ರಕ್ಕಿಂತ ಈ ಉತ್ತರ ಹೆಚ್ಚು ನೆರವಾಗುತ್ತದೆ.

ಈಗ ಭಟ್ಟಿಯ ವಿಷಯ. ಚಿರೇಕಲ್ಲಿನ ಹೊರಗೋಡೆ, ಒಳಗೆ ಸುಟ್ಟ ಇಟ್ಟಿಗೆಯ ತಗ್ಗಾದ ಕಮಾನು, ನೆಲದ ಹಾಸಿನ ಅಡಿಯಲ್ಲಿ ಮರಳು, ಒಡೆದ ಗಾಜು ಮತ್ತು ಸಾಣಿಕಟ್ಟೆಯ ಉಪ್ಪಿನ ದಪ್ಪ ಪದರ. ಬೆಂಕಿ ಉರಿಯುತ್ತಿದ್ದುದು ಆ ಕಮಾನಿನೊಳಗೇ. ಕಾರವಾರದ ಮರಳು ದಂಡೆಯಲ್ಲಿ 1868ರ ಸುಮಾರಿಗೆ ನೆಡಲು ಆರಂಭಿಸಿದ ಗಾಳಿಮರ ನಮ್ಮ ಕಡೆ ಸುಲಭವಾಗಿ ಸಿಗುತ್ತಿತ್ತು, ಅದರ ಕಟ್ಟಿಗೆ ಗಟ್ಟಿ, ಉರಿ ಬಿರುಸು. ಮೊದಲು ಕಮಾನಿನ ಇಟ್ಟಿಗೆಗೆ ಮಸಿ ಹತ್ತುತ್ತದೆ, ಕಾವು ಏರಿದಂತೆ ಆ ಮಸಿಯೇ ಸುಟ್ಟುಹೋಗಿ ಇಟ್ಟಿಗೆ ಬೆಳ್ಳಗಾಗುತ್ತದೆ. ಆಗ ಕೆಂಡವನ್ನು ಹೊರಗೆಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿ, ಕಾವು ಎಲ್ಲೆಡೆ ಸಮನಾಗಲೆಂದು ಬಾಯಿ ಮುಚ್ಚಿಡುತ್ತಿದ್ದರು. ಒಂದು ಚಿಟಿಕೆ ಹಿಟ್ಟು ಎರಚಿದರೆ ತಕ್ಷಣ ಕಪ್ಪಾಯಿತೆಂದರೆ ಇನ್ನೂ ಕಾಯಬೇಕು, ನಿಧಾನವಾಗಿ ಕಂದಿತೆಂದರೆ ಪಾವ್ ಒಳಗೆ ಹೋಗಬಹುದು. ಪಾವಿನ ನಂತರ ಬನ್, ಆಮೇಲೆ ಬಿಸ್ಕತ್ತು, ಕೊನೆಗೆ ಉಳಿದ ಕಾವಿನಲ್ಲಿ ರಾತ್ರಿಯಿಡೀ ಟೋಸ್ಟ್ ಒಣಗುತ್ತಿತ್ತು. ಆ ಬೇಕರಿಯಲ್ಲಿ ಏನೇನು ಮಾಡುತ್ತಿದ್ದರು, ಯಾವ ಹೊತ್ತಿಗೆ ಮಾರುತ್ತಿದ್ದರು ಎಂಬುದೆಲ್ಲ ಭಟ್ಟಿ ಆರುವ ಕ್ರಮಕ್ಕೆ ಹೊಂದಿಕೊಂಡೇ ಇತ್ತು.

ಒಂದು ಮಳೆಗಾಲದ ನಂತರ ಕಮಾನಿನಲ್ಲಿ ಬಿರುಕು ಕಂಡಿತು. ನಾನು ಅಳತೆ ತೆಗೆಯಲಿಲ್ಲ, ಚಿತ್ರ ಬರೆಯಲಿಲ್ಲ, ಫೋಟೋ ಕೂಡ ಹಿಡಿಯಲಿಲ್ಲ. ಮನೆ ಕಟ್ಟುವ ಗವಂಡಿಯನ್ನು ಕರೆಸಿ ಹಳೆಯದನ್ನು ಇಳಿಸಿ ಅಂಥದ್ದೇ ಇನ್ನೊಂದು ಕಟ್ಟಿಕೊಡಿ ಎಂದೆ. ಅಂಥದ್ದು ಎಂದರೆ ಎಂಥದ್ದು ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರ ಕೆಲಸದಲ್ಲಿ ದೋಷವಿರಲಿಲ್ಲ, ಕಾಣದ್ದನ್ನು ಅವರು ಹೇಗೆ ಕಟ್ಟಿಯಾರು? ತಗಡುಗಳು ಸರಾಗವಾಗಿ ಹೋಗಿಬರಲೆಂದು ಬಾಯಿಯನ್ನು ಎತ್ತರ ಮಾಡಿದರು. ಇಂಥ ಭಟ್ಟಿಯ ಬಾಯಿಯ ಎತ್ತರ ಒಳಗಿನ ಕಮಾನಿನ ಎತ್ತರದ ಸುಮಾರು 63 ಶೇಕಡಾ ಇರಬೇಕೆಂಬುದು ಕಟ್ಟುವವರಲ್ಲಿ ರೂಢಿಯಲ್ಲಿರುವ ಲೆಕ್ಕ ಎಂಬುದನ್ನು ನಾನು ತಿಳಿದುಕೊಂಡದ್ದು ಎಷ್ಟೋ ನಂತರ. ಬಾಯಿಯ ಕೆಳಭಾಗದಿಂದ ಗಾಳಿ ಒಳಬರುತ್ತದೆ, ಮೇಲ್ಭಾಗದಿಂದ ಹೊಗೆ ಹೊರಹೋಗುತ್ತದೆ, ಬಾಯಿಯ ಮೇಲಂಚಿಗಿಂತ ಮೇಲಿರುವ ಬಿಸಿಗಾಳಿ ಒಳಗೇ ಸಿಕ್ಕಿಕೊಂಡು ಕಮಾನನ್ನು ಕಾಯಿಸುತ್ತದೆ. ಬಾಯಿ ತೀರ ತಗ್ಗಾದರೆ ಬೆಂಕಿಗೆ ಉಸಿರು ಸಾಲದು, ಎತ್ತರವಾದರೆ ಸಿಕ್ಕಿಕೊಳ್ಳಬೇಕಾದ ಬಿಸಿಯೇ ಹೊರಗೆ ಹರಿದುಹೋಗುತ್ತದೆ. ನಮ್ಮದು ಎರಡನೆಯ ಪಾಡು.

ನೆಲದಡಿಯ ಗಾಜು, ಉಪ್ಪು, ಮರಳನ್ನು ಕಸವೆಂದು ತಿಳಿದು ಹೊರಗೆ ಸುರಿದು, ಹಾಸನ್ನು ಕಾಂಕ್ರೀಟಿನ ಮೇಲೆ ನೇರವಾಗಿ ಕೂಡಿಸಲಾಯಿತು. ಹಿಡಿದಿಟ್ಟುಕೊಳ್ಳುವ ಪದರವಿಲ್ಲದೆ ಕಾವೆಲ್ಲ ಕೆಳಗಿಳಿಯಿತು. ಮಣ್ಣಿನ ಗಾರೆಯ ಜಾಗದಲ್ಲಿ ಸಿಮೆಂಟು ಬಂತು. ಸಿಮೆಂಟು ಅಷ್ಟು ಕಾವಿನಲ್ಲಿ ತನ್ನೊಳಗಿನ ನೀರಿನಂಶ ಕಳೆದುಕೊಂಡು ಪುಡಿಯಾಗುತ್ತದೆ, ತಣಿದ ಮೇಲೆ ಕರಾವಳಿಯ ತೇವ ಹೀರಿ ಮತ್ತೆ ಹಿಗ್ಗುತ್ತದೆ, ಹೀಗಾಗಿ ಸಂದುಗಳು ಬಿಟ್ಟುಕೊಂಡವು. ಪಾವಿನ ಮೇಲ್ಮೈ ಬಿಳಿಚಿಕೊಂಡೇ ಉಳಿಯಿತು, ಕಟ್ಟಿಗೆಯ ಖರ್ಚು ಏರಿತು, ರಾತ್ರಿ ಇಟ್ಟ ಟೋಸ್ಟ್ ಬೆಳಿಗ್ಗೆ ಮೆತ್ತಗೇ ಇರುತ್ತಿತ್ತು. ನಮ್ಮನ್ನು ನಡೆಸುತ್ತಿದ್ದುದು ಟೋಸ್ಟ್. ಮಳೆಗಾಲದಲ್ಲಿ ಚಹಾದ ಜೊತೆ ಅದನ್ನು ಕೇಳಿ ಬರುತ್ತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋದರು. ಸರಿಪಡಿಸಲು ಅಳತೆ ಕೇಳೋಣವೆಂದರೆ ಅಜ್ಜ ಆಗ ಇರಲಿಲ್ಲ, ತಂದೆಯವರಿಗೆ ಕೈಯ ಅಂದಾಜು ಗೊತ್ತಿತ್ತೇ ಹೊರತು ಅಂಕಿ ಗೊತ್ತಿರಲಿಲ್ಲ. ಬೇಕರಿ ಮುಚ್ಚಿತು.

ಆದುದರಿಂದ ನಿಮ್ಮ ಪ್ರಶ್ನೆಯ ಕ್ರಮವೇ ಸರಿಯಿಲ್ಲ ಎಂದು ಕಟುವಾಗಿಯೇ ಹೇಳುತ್ತೇನೆ. ವರ್ಷಕ್ಕಾಗಿ ಪುರಸಭೆಯ ಹಳೆಯ ಪರವಾನಗಿ ಕಡತ, ಮನೆಯಲ್ಲಿರುವ ತೆರಿಗೆ ರಸೀದಿ, ಹಿಟ್ಟಿನ ಅಂಗಡಿಯ ಉದ್ರಿ ಪುಸ್ತಕ ಇವನ್ನು ನೋಡಿ, 1956ಕ್ಕಿಂತ ಹಿಂದಿನವು ಮುಂಬಯಿ ರಾಜ್ಯದ ಕಾಲದವು ಎಂಬುದನ್ನು ನೆನಪಿಡಿ. ಆದರೆ ಅದಕ್ಕೆ ಅವಸರವಿಲ್ಲ, ಕಾಗದ ಇನ್ನೂ ಕೆಲವು ವರ್ಷ ಕಪಾಟಿನಲ್ಲಿ ಉಳಿದೀತು. ಭಟ್ಟಿಯನ್ನು ಮಾತ್ರ ಒಂದು ಕಲ್ಲೂ ಅಲುಗಿಸುವ ಮೊದಲು ಅಳೆಯಿರಿ: ಒಳಗಿನ ಉದ್ದಗಲ, ಕಮಾನಿನ ಎತ್ತರ, ಬಾಯಿಯ ಎತ್ತರ ಮತ್ತು ಅಗಲ, ಗೋಡೆಯ ದಪ್ಪ, ಹಾಸಿನಡಿಯಲ್ಲಿ ಏನಿದೆ ಎಂಬುದು. ಕಟ್ಟಿಗೆ ಹಾಕಿದ ಹೊತ್ತಿನಿಂದ ಟೋಸ್ಟ್ ಹೊರತೆಗೆಯುವವರೆಗಿನ ಪೂರ್ತಿ ದಿನವನ್ನು ಈಗ ಕೆಲಸ ಮಾಡುತ್ತಿರುವವರ ಪಕ್ಕದಲ್ಲಿ ನಿಂತು ಬರೆದುಕೊಳ್ಳಿ.

ಓವನ್ ಬೇಡವೆನ್ನುವುದಿಲ್ಲ. 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು ಆ ನಗರದ ಕಟ್ಟಿಗೆ, ಕಲ್ಲಿದ್ದಲಿನ ಬೇಕರಿಗಳು 6 ತಿಂಗಳೊಳಗೆ ಗ್ಯಾಸಿನಂಥ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಹೇಳಿತು. ಅದನ್ನು ಓದಿ ನೀವು ಹೆದರಿರಬಹುದು. ಅದು ಮುಂಬಯಿಯ ಗಾಳಿಯ ಸ್ಥಿತಿಯನ್ನು ನೋಡಿ ಬಂದ ಆದೇಶ, ಅಂಕೋಲೆಗೆ ಅನ್ವಯಿಸುವುದಿಲ್ಲ. ಆದರೂ ಅಲ್ಲಿಯ ಬೇಕರಿಗಳ ಮೇಲಿದ್ದ ಒಂದು ದೊಡ್ಡ ದೂರನ್ನು ನೀವು ಗಂಭೀರವಾಗಿ ತೆಗೆದುಕೊಳ್ಳಲೇಬೇಕು: ಬಣ್ಣ ಬಳಿದ ಹಳೆಯ ಪೀಠೋಪಕರಣದ ಮರವನ್ನು ಭಟ್ಟಿಗೆ ಹಾಕಬೇಡಿ, ಒಣಗಿದ ಶುದ್ಧ ಕಟ್ಟಿಗೆಯನ್ನಷ್ಟೇ ಉರಿಸಿ. ಓವನ್ನನ್ನು ಪಕ್ಕದ ಕೋಣೆಯಲ್ಲಿ ಕೂಡಿಸಿ ಕೇಕು, ಪಫ್‌ಗಳನ್ನು ಅದರಲ್ಲಿ ಮಾಡಿ. ಪಾವ್ ಮತ್ತು ಟೋಸ್ಟ್ ಹಳೆಯ ಭಟ್ಟಿಯಲ್ಲೇ ಇರಲಿ. ಮಳೆಗಾಲದಲ್ಲಿ ಕೆಲಸ ನಿಲ್ಲಿಸಿದ್ದರೆ ಮತ್ತೆ ಆರಂಭಿಸುವಾಗ ಕೆಲವು ದಿನ ಸಣ್ಣ ಬೆಂಕಿಯನ್ನೇ ಮಾಡಿ ಇಟ್ಟಿಗೆಯ ತೇವ ಆರಿಸಿ. ಒಮ್ಮೆಲೇ ಜೋರಾಗಿ ಉರಿಸಿದರೆ ಒಳಗಿನ ನೀರು ಆವಿಯಾಗಿ ಹಿಗ್ಗಿ ಕಮಾನು ಸೀಳುತ್ತದೆ. ಬಿರುಕು ಈಗಾಗಲೇ ಇದ್ದರೆ ಸಿಮೆಂಟು ಮೆತ್ತಬೇಡಿ, ಬೆಂಕಿ ತಡೆಯುವ ಮಣ್ಣಿನ ಗಾರೆ ತರಿಸಿ, ಭಟ್ಟಿ ಕಟ್ಟಿ ಅನುಭವವಿರುವವರು ಸಿಗುವವರೆಗೆ ಕಾಯಿರಿ, ಅದು ದೀಪಾವಳಿ ದಾಟಿದರೂ ಚಿಂತೆಯಿಲ್ಲ.