ಹೋದವರ ಹಾಜರಿ ಪುಸ್ತಕ

ಓದುಗರ ಪ್ರಶ್ನೆಗಳಿಗೆ ಸೇಡಂ ತಾಲ್ಲೂಕಿನ ನಿವೃತ್ತ ಶಿಕ್ಷಕಿಯ ಉತ್ತರ

ಪ್ರಶ್ನೆ: ಕಳೆದ ಒಂದು ವರ್ಷದಲ್ಲಿ ನಮ್ಮೂರಿನ ಹನ್ನೊಂದು ಮಂದಿ ಹಿರಿಯರು ತೀರಿಕೊಂಡರು. ಮಹಾನವಮಿ ಅಮಾವಾಸ್ಯೆಯ, ಅಂದರೆ ಮಹಾಲಯದ ಹೊತ್ತಿಗೆ ಅವರ ನೆನಪಿನಲ್ಲಿ ಒಂದು ಸಣ್ಣ ಪುಸ್ತಕ ತರಬೇಕೆಂದು ನಾವು ನಾಲ್ವರು ಗೆಳೆಯರು ಮನೆಮನೆಗೆ ಹೋದೆವು. ಎಲ್ಲ ಮನೆಗಳಲ್ಲೂ ಒಂದೇ ಮಾತು: ‘ಬಹಳ ಒಳ್ಳೆಯವರಿದ್ದರು, ಯಾರಿಗೂ ಕೆಟ್ಟದ್ದು ಬಯಸಲಿಲ್ಲ.’ ಹನ್ನೊಂದು ಪುಟಗಳಲ್ಲಿ ಇದನ್ನೇ ಹನ್ನೊಂದು ಸಲ ಬರೆಯುವುದೇ?
– ಓದುಗರೊಬ್ಬರು, ಆಳಂದ ತಾಲ್ಲೂಕು

ಬೇಡ. ಹಾಗೆಂದು ಆ ಮನೆಯವರ ಮೇಲೆ ಬೇಸರವನ್ನೂ ಮಾಡಿಕೊಳ್ಳಬೇಡಿ. ‘ಅವರು ಹೇಗಿದ್ದರು’ ಎಂದು ಕೇಳಿದರೆ ದುಃಖದಲ್ಲಿರುವವರು ಒಳ್ಳೆಯವರಿದ್ದರು ಎಂದಲ್ಲದೆ ಮತ್ತೇನು ಹೇಳಿಯಾರು? ಬದಲಾಗಬೇಕಾದದ್ದು ನಿಮ್ಮ ಪ್ರಶ್ನೆ. ನನಗೂ ಇದು ತಡವಾಗಿಯೇ ತಿಳಿಯಿತು.

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲೇ ಆಯಿತು. ಆಗ ನಮ್ಮ ಹಳ್ಳಿಯವರೆಲ್ಲ ಅದು ಪಟ್ಟಣದ ರೋಗ ಎಂದುಕೊಂಡಿದ್ದೆವು. ಮರುವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಅದು ನಮ್ಮ ಓಣಿಗೂ ಬಂತು. ಐದು ವಾರಗಳಲ್ಲಿ ಒಂಬತ್ತು ಮಂದಿ ಹೋದರು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ಬೆಳಗಿನತನಕ ಭಜನೆ ಮಾಡುವ ಊರು ನಮ್ಮದು. ಆ ಸಲ ಭಜನೆಯಿಲ್ಲ, ಹಲಗೆಯ ಸದ್ದಿಲ್ಲ, ಮೂರನೆಯ ದಿನಕ್ಕೆ ಬರುವ ಬೀಗರಿಲ್ಲ. ಒಂದು ಸಂಜೆ ಕುಳಿತು ಎಣಿಸಿದಾಗ ಒಂಬತ್ತನೆಯವರು ಯಾರೆಂದು ತಕ್ಷಣ ನೆನಪಾಗಲಿಲ್ಲ. ನನಗೆ ಎದೆ ಹಿಂಡಿದಂತಾಯಿತು. ಮೂವತ್ತೊಂದು ವರ್ಷ ಶಾಲೆಯಲ್ಲಿ ಹೆಸರು ಕೂಗಿದವಳು ನಾನು. ಮರುದಿನವೇ ಅಂಗಡಿಯಿಂದ ಒಂದು ಹಾಜರಿ ಪುಸ್ತಕ ತರಿಸಿದೆ. ಈಗ ಅದರಲ್ಲಿ ಅರವತ್ತೆಂಟು ಹೆಸರುಗಳಿವೆ.

ಅದರ ಮೊದಲ ಪುಟಗಳನ್ನು ತೆರೆದರೆ ಈಗಲೂ ನಾಚಿಕೆಯಾಗುತ್ತದೆ. ‘ಪರೋಪಕಾರಿ’, ‘ಸರಳ ಜೀವಿ’, ‘ಅಪಾರ ಬಂಧು ಬಳಗವನ್ನು ಅಗಲಿದ್ದಾರೆ’ – ಪತ್ರಿಕೆಯ ನಿಧನ ವಾರ್ತೆಯಿಂದ ಎತ್ತಿಟ್ಟ ಹಾಗಿದೆ. ಹೆಸರು ಅದಲು ಬದಲು ಮಾಡಿದರೂ ಗೊತ್ತಾಗುವುದಿಲ್ಲ.

ಏಳನೆಯ ಹೆಸರಿಗೆ ಬಂದಾಗ ದಾರಿ ಸಿಕ್ಕಿತು. ಆ ತಾಯಿಯ ಮಗಳೂ ‘ಒಳ್ಳೆಯವಳಿದ್ದಳು’ ಎಂದು ಸುಮ್ಮನಾದಳು. ಏನು ಕೇಳಬೇಕೆಂದು ತೋಚದೆ, ಒಲೆಯ ಕಡೆ ನೋಡುತ್ತಾ, ‘ರೊಟ್ಟಿ ಬಡಿಯುವಾಗ ಎಲ್ಲಿ ಕೂರುತ್ತಿದ್ದಳು?’ ಎಂದೆ. ಮಗಳು ಎದ್ದು ಹೋಗಿ ಕೂತೇ ತೋರಿಸಿದಳು. ಎಡಗಾಲು ಮಡಿಚಿ, ಬಲಮೊಣಕಾಲು ಎತ್ತಿ, ಮುಖ ಬಾಗಿಲ ಕಡೆಗೆ – ಬೀದಿಯಲ್ಲಿ ಹೋಗುವವರನ್ನು ಕರೆಯಲು. ಮೊದಲನೆಯ ರೊಟ್ಟಿ ಯಾವಾಗಲೂ ಅಂಗೈಯಗಲದ್ದು, ಹಂಚು ಕಾದಿದೆಯೋ ಇಲ್ಲವೋ ನೋಡಲು. ಅದು ಓಣಿಯ ಯಾವುದಾದರೊಂದು ಮಗುವಿನ ಪಾಲು. ಸಿಟ್ಟು ಬಂದ ದಿನ ಬಡಿತ ಬಿರುಸಾಗುತ್ತಿತ್ತು, ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ ಸದ್ದು ಕೇಳಿ ‘ಇವತ್ತು ಏನಾಯಿತವ್ವ’ ಎಂದು ಕೂಗುತ್ತಿದ್ದರಂತೆ. ಇಷ್ಟು ಹೇಳುವಷ್ಟರಲ್ಲಿ ಆ ಪಕ್ಕದ ಮನೆಯವಳೂ ಬಂದು ಕೂತಳು. ಆ ದಿನ ನಾನು ನಾಲ್ಕು ಪುಟ ಬರೆದೆ. ಒಂದೇ ಒಂದು ಹೊಗಳಿಕೆಯ ಪದ ಬೇಕಾಗಲಿಲ್ಲ.

ಇನ್ನೊಬ್ಬರು ಹಗೇವಿಗೆ ಇಳಿಯುತ್ತಿದ್ದ ಹಿರಿಯರು. ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ ಎಂಬುದು ನಿಮಗೆ ಗೊತ್ತಿದ್ದೀತು, ಪುಸ್ತಕ ಓದುವ ನಿಮ್ಮೂರ ಮಕ್ಕಳಿಗೆ ಗೊತ್ತಿರಲಾರದು. ಬಾಯಿಯ ಹಾಸುಗಲ್ಲು ಸರಿಸಿದ ತಕ್ಷಣ ಒಳಗಿಳಿದರೆ ಉಸಿರು ಕಟ್ಟಿ ಸಾಯುತ್ತಾರೆ. ಅದಕ್ಕೇ ಇವರು ಅರ್ಧ ದಿನ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ, ಗೌಡರ ಮನೆಯದಾದರೂ ಸರಿ. ಅವರ ಕಾಲದಲ್ಲಿ ನಮ್ಮೂರ ಹಗೇವುಗಳಲ್ಲಿ ಒಂದು ಜೀವವೂ ಹೋಗಲಿಲ್ಲ. ಈಗ ನಮ್ಮಲ್ಲಿ ಒಂದು ಹಗೇವೂ ಉಳಿದಿಲ್ಲ, ಆ ಕಂದೀಲು ಮಾತ್ರ ಅವರ ಸೊಸೆಯ ಮನೆಯ ಗೂಟದಲ್ಲಿದೆ. ಅದರ ಗಾಜಿನ ಒಂದು ಮಗ್ಗುಲು ಮಸಿಯಿಂದ ಕಪ್ಪಾಗಿದೆ. ಒರೆಸಬೇಡವೆಂದು ನಾನೇ ಹೇಳಿ ಬಂದಿದ್ದೇನೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ನಿಮಗೆ ದೂರವಲ್ಲ. ಅಲ್ಲಿ ಭೀಮಾ ದಂಡೆಯಲ್ಲಿ ಸಿಕ್ಕಿರುವ ಶಾತವಾಹನರ ಕಾಲದ ಸ್ಮಾರಕ ಶಿಲೆಗಳನ್ನು ಒಮ್ಮೆ ನೋಡಿ ಬನ್ನಿ. ಜೋಡಿಯಾಗಿ ಕುಳಿತ ಗಂಡ ಹೆಂಡತಿ, ಕೆಳಗೆ ಎತ್ತಿನ ಬಂಡಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಿಗೂ ಬಂಡಿಯನ್ನು ಬಿಡಿಸಬೇಕು ಎನ್ನಿಸಿತ್ತು. ಸದ್ಗುಣವನ್ನು ಕಲ್ಲಿನಲ್ಲಿ ಕೆತ್ತಲು ಬರುವುದಿಲ್ಲವಲ್ಲ.

ಆದ್ದರಿಂದ ಇನ್ನೊಮ್ಮೆ ಮನೆಮನೆಗೆ ಹೋಗಿ. ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು, ಯಾವ ಹೊಲಕ್ಕೆ ಯಾವ ಹೆಸರಿಟ್ಟು ಕರೆಯುತ್ತಿದ್ದರು, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲುವಾಗ ಯಾವ ಮಾತು ಕೂಗುತ್ತಿದ್ದರು, ಯಾರೊಂದಿಗೆ ಮಾತು ಬಿಟ್ಟಿದ್ದರು, ಕೊನೆಗೆ ಮತ್ತೆ ಮಾತಾಡಿದರೇ ಎಂದು ಕೇಳಿ. ಮನೆಯವರನ್ನಷ್ಟೇ ಅಲ್ಲ, ಹಿಟ್ಟಿನ ಗಿರಣಿಯವರನ್ನು, ಜೊತೆಯಲ್ಲಿ ಕಳೆ ತೆಗೆದವರನ್ನು, ಬೆಳಗಿನ ಬಸ್ಸಿನ ಕಂಡಕ್ಟರನ್ನು ಕೇಳಿ. ಜಗಳದ ವಿಷಯ ಬಂದರೆ ಮನೆಯವರ ಒಪ್ಪಿಗೆ ಪಡೆದು ಬರೆಯಿರಿ, ಒಪ್ಪದಿದ್ದರೆ ಬಿಡಿ.

ಫೋಟೋದ ಬಗ್ಗೆ ಒಂದು ಮಾತು. ನಮ್ಮ ಕಡೆಯ ಎಷ್ಟೋ ಹಿರಿಯರಿಗೆ ಆಧಾರ್ ಕಾರ್ಡಿನದೇ ಒಂದು ಫೋಟೋ. ಅದನ್ನೇ ಹಿಗ್ಗಿಸಿ, ಹಿಂದೆ ಮೋಡ ಹಾಕಿ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಫ್ಲೆಕ್ಸ್ ಮಾಡಿಸುತ್ತಾರೆ. ಆ ಬೆದರಿದ ಮುಖ ಅವರದಲ್ಲ. ಮದುವೆಯ ಗುಂಪು ಫೋಟೋಗಳಲ್ಲಿ ಹುಡುಕಿ. ಎಲ್ಲೂ ಸಿಗದಿದ್ದರೆ ಅವರ ಕುಡುಗೋಲನ್ನೋ ಕೌದಿಯನ್ನೋ ಹಗಲು ಬೆಳಕಿನಲ್ಲಿ ತೆಗೆದು ಅದೇ ಪುಟಕ್ಕೆ ಹಾಕಿ. ಅಮಾವಾಸ್ಯೆಯ ಗಡುವು ತಪ್ಪಿದರೂ ಚಿಂತೆಯಿಲ್ಲ.

ಪ್ರಶ್ನೆ: ನಮ್ಮ ಮುತ್ಯಾ ಅವರ ಹಳೆಯ ಶಾಲಾ ದಾಖಲೆ ಉರ್ದುವಿನಲ್ಲಿದೆ. ಬಲ್ಲವರೊಬ್ಬರು ‘ಹುಟ್ಟಿದ್ದು ಖುರ್ದಾದ್ ತಿಂಗಳು, 1346 ಫಸಲಿ’ ಎಂದು ಓದಿ ಹೇಳಿದರು. ಇದು ಯಾವ ಇಸವಿ? ಅಜ್ಜಿಗೆ ಯಾವ ಕಾಗದವೂ ಇಲ್ಲ. ಇಬ್ಬರೂ ಆರು ತಿಂಗಳ ಅಂತರದಲ್ಲಿ ಹೋದರು.
– ಮೊಮ್ಮಗಳು, ಚಿತ್ತಾಪುರ

ನಿಜಾಮರ ಆಡಳಿತದ ಕಾಗದಗಳಲ್ಲಿ ಫಸಲಿ ವರ್ಷವೇ ಇರುತ್ತದೆ. ಆ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಲೆಕ್ಕ ಸುಲಭ: ಆಜುರ್, ದೈ, ಬಹಮನ್ ಈ ಮೊದಲ ಮೂರು ತಿಂಗಳಾದರೆ 590 ಕೂಡಿಸಿ, ಉಳಿದ ಒಂಬತ್ತು ತಿಂಗಳಾದರೆ 591. ಬಹಮನ್ ತಿಂಗಳ ಕೊನೆಯ ನಾಲ್ಕೈದು ದಿನ ಮಾತ್ರ ಜನವರಿಗೆ ದಾಟುತ್ತವೆ. ಖುರ್ದಾದ್ ಏಳನೆಯ ತಿಂಗಳು, ಹೆಚ್ಚುಕಡಿಮೆ ಏಪ್ರಿಲ್. ನಿಮ್ಮ ಮುತ್ಯಾ ಹುಟ್ಟಿದ್ದು 1937ರ ಏಪ್ರಿಲ್ ಹೊತ್ತಿಗೆ ಎಂದಾಯಿತು. ಮಾಸ್ತರರು ಅಂದಾಜಿನಿಂದ ಬರೆದಿರುವ ಸಾಧ್ಯತೆಯೂ ಇದೆ. ನನ್ನ ಕಾಲದಲ್ಲೂ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಎಂದೇ ಬರೆಯುತ್ತಿದ್ದೆವು. ಹಾಗಾಗಿ ‘ದಾಖಲೆಯ ಪ್ರಕಾರ’ ಎಂದು ಸೇರಿಸಿ. ಆ ಕಾಗದದ ಫೋಟೋ ತೆಗೆದಿಡಿ, ಮಡಿಕೆಯಲ್ಲಿ ಹರಿಯುವ ಮೊದಲು.

ಅಜ್ಜಿಯ ವಯಸ್ಸನ್ನು ಆಕೆಯೇ ಹೇಳಿದ ಮಾತುಗಳಲ್ಲಿ ಹುಡುಕಬೇಕು. ನಮ್ಮ ಭಾಗದ ಹಿರಿಯರೆಲ್ಲ ಇಸವಿಯ ಬದಲು ಮೂರು ಗೂಟ ನೆಟ್ಟುಕೊಂಡಿದ್ದರು: ರಜಾಕಾರರ ಹಾವಳಿ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1972ರ ಬರ, 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ. ಆಗ ವಯಸ್ಸೆಷ್ಟಿತ್ತು ಎನ್ನುವುದಕ್ಕಿಂತ ಆಗ ಆಕೆ ಏನು ಮಾಡಬಲ್ಲವಳಾಗಿದ್ದಳು ಎಂದು ನೋಡಿ. ನನ್ನ ತಾಯಿ, ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟು ಓಡುವಾಗ ತಮ್ಮನನ್ನು ಟೊಂಕದ ಮೇಲೆ ಹೊತ್ತಿದ್ದೆ, ಹಳ್ಳ ಬಂದಾಗ ಮಾತ್ರ ಅಪ್ಪ ನನ್ನನ್ನೂ ಎತ್ತಿಕೊಂಡ ಎನ್ನುತ್ತಿದ್ದಳು. ಕೂಸನ್ನು ಹೊರಬಲ್ಲಳು, ತುಂಬಿದ ಹಳ್ಳ ದಾಟಲಾರಳು – ಏಳೆಂಟು ವರ್ಷ. ಹಾಗೆ ನನ್ನ ಪುಸ್ತಕದಲ್ಲಿ ‘ಸುಮಾರು 1940’ ಎಂದು ಬರೆದು, ಪಕ್ಕದಲ್ಲಿ ಈ ಹಳ್ಳದ ಮಾತನ್ನೂ ಬರೆದೆ. ಇಸವಿ ತಪ್ಪಿದ್ದರೂ ಇದ್ದೀತು, ಹಳ್ಳ ತಪ್ಪಲ್ಲ. ನಿಮ್ಮ ಅಜ್ಜಿಯ ವಾರಿಗೆಯವರು ಊರಿನಲ್ಲಿ ಯಾರಿದ್ದಾರೋ ಅವರ ಬಳಿ ಈ ವಾರವೇ ಹೋಗಿ.

ಪ್ರಶ್ನೆ: ಅವ್ವ ಹೋಗಿ ಎರಡು ತಿಂಗಳಾಯಿತು. ಗದ್ದುಗೆಯ ಕಲ್ಲಿನ ಮೇಲೆ ಅಪ್ಪನ ಹೆಸರು ಬರೆದು ‘ಇವರ ಧರ್ಮಪತ್ನಿ’ ಎಂದು ಹಾಕಿಸಲು ಅಣ್ಣಂದಿರು ಹೊರಟಿದ್ದಾರೆ. ಅವ್ವನಿಗೆ ತವರಿನಲ್ಲಿ ಇಟ್ಟ ಹೆಸರು ಬೇರೆ, ಮದುವೆಯಲ್ಲಿ ಇಟ್ಟದ್ದು ಬೇರೆ. ಸಂಪ್ರದಾಯವೇ ಹೀಗೆ ಎನ್ನುತ್ತಾರೆ. ನಾನು ಸುಮ್ಮನಿರಬೇಕೇ?
– ಮಗಳು, ಶಹಾಪುರ

ಸುಮ್ಮನಿರಬೇಡಿ. ಎರಡು ಹೆಸರನ್ನೂ ಹಾಕಿಸಿ, ತವರಿನ ಹೆಸರು ಮೊದಲು. ಗಂಡನ ಹೆಸರು ಆಮೇಲೆ ಬರಲಿ, ಯಾರೂ ಬೇಡವೆನ್ನುವುದಿಲ್ಲ. ಕಲ್ಲಿನವರಿಗೆ ಒಂದು ಸಾಲು ಹೆಚ್ಚಾದರೆ ಆಗುವ ಖರ್ಚು ನೀವೇ ಕೊಡುತ್ತೇನೆಂದು ಹೇಳಿ, ಅಣ್ಣಂದಿರ ಅರ್ಧ ವಾದ ಅಲ್ಲಿಗೇ ನಿಲ್ಲುತ್ತದೆ.

ನಮ್ಮೂರಿನಲ್ಲಿ ಒಬ್ಬ ಅಜ್ಜಿ ತೀರಿಕೊಂಡಾಗ ಆಕೆಯ ತೊಟ್ಟಿಲ ಹೆಸರು ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅರವತ್ತು ವರ್ಷ ಆ ಮನೆಯಲ್ಲಿ ಬಾಳಿದವಳು. ಆರು ಮಕ್ಕಳನ್ನು ಹೆತ್ತವಳು. ನಾನು ಎರಡು ಬಸ್ ಬದಲಿಸಿ ಯಾದಗಿರಿಯ ಕಡೆಯ ಆಕೆಯ ತವರಿಗೆ ಹೋದೆ. ಒಬ್ಬ ತಂಗಿ ಉಳಿದಿದ್ದರು, ಕಣ್ಣು ಮಂಜಾಗಿತ್ತು. ಅಕ್ಕನ ಹೆಸರೇನು ಎಂದೆ. ತಂಗಿ ಹೆಸರು ಹೇಳಲಿಲ್ಲ, ಅಂಗಳದಲ್ಲಿ ಆಡುವ ಮಕ್ಕಳು ಕರೆಯುವ ಹಾಗೆ ರಾಗವೆಳೆದು ಕೂಗಿದರು. ಕೂಗಿ, ಉತ್ತರಕ್ಕೆ ಕಾಯುವವರಂತೆ ಬಾಗಿಲ ಕಡೆ ತಿರುಗಿದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಆ ಮನೆಯದು. ನನ್ನ ಪುಸ್ತಕದಲ್ಲಿ ಅದು ಮೊದಲ ಕಾಲಂನಲ್ಲಿದೆ.

ಒಂದು ಎಚ್ಚರ: ಮರಣ ಪ್ರಮಾಣಪತ್ರದಲ್ಲಿ ಮಾತ್ರ ಆಧಾರ್, ಪಹಣಿ, ಬ್ಯಾಂಕ್ ಪುಸ್ತಕದಲ್ಲಿರುವ ಹೆಸರೇ ಇರಲಿ. ಇಲ್ಲವಾದರೆ ನಾಳೆ ವಾರಸಾ ಮಾಡಿಸುವಾಗ ನೀವೇ ಅಲೆಯಬೇಕಾಗುತ್ತದೆ.

ಪ್ರಶ್ನೆ: ನಮ್ಮೂರ ನೆನಪಿನ ಪುಸ್ತಕದಲ್ಲಿ ಮಸೀದಿ ಓಣಿಯವರನ್ನು, ಚರ್ಚಿನವರನ್ನು, ದಲಿತ ಕೇರಿಯವರನ್ನು ಬೇರೆ ಬೇರೆ ಭಾಗ ಮಾಡಿ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಮೋಹರಂನಲ್ಲಿ ರಿವಾಯತ್ ಹಾಡುತ್ತಿದ್ದವರೂ ಈ ವರ್ಷ ಹೋದರು. ಅವರನ್ನು ಯಾವ ಭಾಗಕ್ಕೆ ಹಾಕುವುದೆಂದೇ ಜಗಳ.
– ಗ್ರಂಥಾಲಯದ ಓದುಗರು, ಭಾಲ್ಕಿ ತಾಲ್ಲೂಕು

ತೀರಿಕೊಂಡ ದಿನಾಂಕದ ಪ್ರಕಾರ ಹಾಕಿ. ಬೇರೆ ಯಾವ ಕ್ರಮವೂ ಬೇಡ. ನಿಮ್ಮ ಬೀದರಿನ ಪಕ್ಕದ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಸುಲ್ತಾನ ಅಹಮದ್ ಶಾಹ ವಲಿಯ ಉರುಸಿಗೆ ಇಂದಿಗೂ ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ಬರುತ್ತಾರೆ. ಒಂದೇ ಗೋರಿಗೆ ಒಬ್ಬರು ವಲಿ ಎಂದು, ಇನ್ನೊಬ್ಬರು ಅಲ್ಲಮಪ್ರಭು ಎಂದು ಕೈಮುಗಿಯುತ್ತಾರೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯ ಬಳಗದಲ್ಲಿ ಚನ್ನೂರ ಜಲಾಲಸಾಹೇಬರಿದ್ದರು. ಇಂಥ ನೆಲದ ಪುಸ್ತಕದಲ್ಲಿ ಓಣಿಗೊಂದು ಗೋಡೆ ಕಟ್ಟುವುದು ನನಗೆ ಸಹಿಸಲಾಗದ ಮಾತು.

ರಿವಾಯತ್ ಹಾಡುಗಾರರ ವಿಷಯದಲ್ಲಿ ಮಾತ್ರ ಇಂದೇ ಆಗಬೇಕಾದ ಕೆಲಸವಿದೆ. ಅವರ ಹಿಂದೆ ನಿಂತು ಸೊಲ್ಲು ಎತ್ತಿಕೊಳ್ಳುತ್ತಿದ್ದವರು ಇನ್ನೂ ಇದ್ದಾರಲ್ಲ, ಅವರನ್ನು ಒಟ್ಟಿಗೆ ಕೂರಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಒಬ್ಬರಿಗೆ ಮರೆತ ನುಡಿ ಇನ್ನೊಬ್ಬರ ಬಾಯಲ್ಲಿರುತ್ತದೆ.

ಪ್ರಶ್ನೆ: ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗಿದ್ದ ತಮ್ಮ ಕೆಲಸದ ಜಾಗದಲ್ಲೇ ಬಿದ್ದು ಹೋದ. ಮಣ್ಣು ಮಾಡಿದ್ದು ಊರಿನಲ್ಲಿ. ಮರಣ ನೋಂದಣಿ ಎಲ್ಲಿ? ಹತ್ತು ವರ್ಷ ಹೊರಗೇ ಇದ್ದವನ ಹೆಸರು ಊರಿನ ಪುಸ್ತಕದಲ್ಲಿ ಏಕೆ ಎಂದು ಯಾರೋ ಅಂದರು.
– ಅಣ್ಣ, ಗುರುಮಠಕಲ್

ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ, ಅಂದರೆ ಪುಣೆಯಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನಗಳೊಳಗೆ ತಿಳಿಸಬೇಕು. 30 ದಿನಗಳವರೆಗೆ ವಿಳಂಬ ಶುಲ್ಕ, ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ, ಅದನ್ನೂ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಕೆಲಸ ಮಾಡುವಾಗಲೇ ಆದ ಸಾವಾದ್ದರಿಂದ ಕುಟುಂಬ ಪರಿಹಾರ ಕೇಳಬಹುದು (ಮೊದಲು 1923ರ ಉದ್ಯೋಗಿಗಳ ಪರಿಹಾರ ಕಾಯ್ದೆಯಡಿ, 2025ರ ನವೆಂಬರಿನಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಡಿ), ಎರಡು ವರ್ಷಗಳೊಳಗೆ ಅರ್ಜಿ ಹಾಕಬೇಕು. ಕಟ್ಟಡ ಕಾರ್ಮಿಕನೆಂದು ಅವನಿಗೆ ಕಾರ್ಡ್ ಇತ್ತೇ ಎಂದು ಅವನ ಟ್ರಂಕಿನಲ್ಲಿ ಹುಡುಕಿ. ಯಾವ ಕಾಗದಕ್ಕೂ ಓದದೆ ಹೆಬ್ಬೆಟ್ಟು ಒತ್ತಬೇಡಿ.

ಅವನ ಹೆಸರು ಪುಸ್ತಕದಲ್ಲಿ ಇರಲೇಬೇಕು. ಅವನು ಕಳುಹಿಸಿದ ಹಣದಿಂದ ನಿಮ್ಮ ಮನೆಯಲ್ಲಿ ಏನೇನಾಯಿತು ಎಂದು ಬರೆಯಿರಿ. ಅವನು ಕಟ್ಟಿದ ಕಟ್ಟಡಗಳು ಯಾವ ಯಾವ ಬಡಾವಣೆಯಲ್ಲಿವೆ, ಎಷ್ಟು ಅಂತಸ್ತು, ರಾತ್ರಿ ಶೆಡ್ಡಿನಲ್ಲಿ ಅಡುಗೆ ಯಾರದು, ಅವನು ಏನು ಹಾಡುತ್ತಿದ್ದ – ಇದು ನಿಮಗೆ ಗೊತ್ತಿರುವುದಿಲ್ಲ, ಅವನ ಜೊತೆಗಾರರಿಗೆ ಗೊತ್ತು. ಎಳ್ಳ ಅಮಾವಾಸ್ಯೆಗೆ ಅವರೆಲ್ಲ ಊರಿಗೆ ಬರುತ್ತಾರೆ. ಹೊಲದಲ್ಲಿ ಬಜ್ಜಿ, ಸಜ್ಜೆ ರೊಟ್ಟಿಯ ಊಟಕ್ಕೆ ಕರೆಯಿರಿ, ಪುಸ್ತಕ ಪೆನ್ನು ಜೊತೆಗೆ ಒಯ್ಯಿರಿ.