ಓದುಗರ ಪ್ರಶ್ನೆ, ನಮ್ಮ ಉತ್ತರ: ಕರ್ತವ್ಯದಲ್ಲಿ ಮಡಿದ ತರುಣ ಸೇನಾಧಿಕಾರಿಯನ್ನು ನೆನೆಯುವುದು ಹೇಗೆ?

ಈ ಬಾರಿ ಕೊಡಗಿನಿಂದ ಬಂದ ನಾಲ್ಕು ಪತ್ರಗಳು ಒಂದೇ ವಿಷಯದ ಸುತ್ತ ಇರುವುದರಿಂದ ಅವನ್ನು ಒಟ್ಟಿಗೆ ಪ್ರಕಟಿಸಿದ್ದೇವೆ. ಪತ್ರ ಬರೆದವರ ಕೋರಿಕೆಯಂತೆ ಅವರ ಹೆಸರುಗಳನ್ನೂ ಮಡಿದವರ ಹೆಸರುಗಳನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಊರಿನ ಯುವ ಕ್ಯಾಪ್ಟನ್ ಒಬ್ಬರು ಕೆಲವು ವರ್ಷಗಳ ಹಿಂದೆ ಉತ್ತರದ ಗಡಿಯಲ್ಲಿ, ಹಿಮದಲ್ಲಿ ಸಿಲುಕಿದ ತಮ್ಮ ಜವಾನರನ್ನು ಹುಡುಕಲು ಹೋಗಿ ತಾವೂ ಮಡಿದರು. ಅವರ ಪ್ರತಿಮೆಯನ್ನು ರಸ್ತೆ ಕೂಡುವಲ್ಲಿ ನಿಲ್ಲಿಸಲು ಊರವರು ಹಣ ಕೂಡಿಸುತ್ತಿದ್ದೇವೆ. ಆದರೆ ಸಭೆಯಲ್ಲಿ ಹಿರಿಯರೊಬ್ಬರು, ಅವರು ಶತ್ರುವಿನ ಗುಂಡಿಗೆ ಬಿದ್ದವರಲ್ಲ, ಯುದ್ಧವೀರರ ಸಾಲಿಗೆ ಸೇರಿಸುವುದು ಸರಿಯೆ ಎಂದು ಕೇಳಿದ ಮೇಲೆ ಮಾತು ಬೆಳೆದು ಸಭೆ ಮುರಿದುಬಿತ್ತು. ತಮ್ಮ ಅಭಿಪ್ರಾಯವೇನು? (ಮೂರ್ನಾಡು ಕಡೆಯ ಓದುಗರು)

ಉತ್ತರ: ಮೊದಲು ಹಿರಿಯರ ಆಕ್ಷೇಪವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಹಲವರ ಮನಸ್ಸಿನಲ್ಲಿದ್ದರೂ ಸಭೆಯಲ್ಲಿ ಆಡಲು ಹಿಂಜರಿಯುವ ಮಾತನ್ನು ಅವರು ಆಡಿದ್ದಾರೆ. 1984ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಸಿಯಾಚಿನ್‌ನಲ್ಲಿ ನೆಲೆ ನಿಂತಂದಿನಿಂದ ಅಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಗುಂಡಿನಿಂದ ಸತ್ತವರಲ್ಲ. ಹಿಮಕುಸಿತ, ಚಳಿ ಮತ್ತು ಎತ್ತರದ ಕಾಯಿಲೆಗಳಿಗೆ ಬಲಿಯಾದವರು. 2003ರ ನವೆಂಬರ್‌ನಲ್ಲಿ ಕದನವಿರಾಮ ಜಾರಿಗೆ ಬಂದು ಫಿರಂಗಿಗಳು ಸುಮ್ಮನಾದ ಮೇಲೂ ಅಲ್ಲಿಂದ ಪಾರ್ಥಿವ ಶರೀರಗಳು ಬರುವುದು ನಿಲ್ಲಲಿಲ್ಲ. 2016ರ ಫೆಬ್ರವರಿಯಲ್ಲಿ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಸಿಲುಕಿದರು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿದ, ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ, ಅವರಿಗೆ ಗುಂಡು ತಗುಲಿತ್ತೇ ಎಂದು ಕರ್ನಾಟಕದಲ್ಲಿ ಯಾರೂ ಕೇಳಲಿಲ್ಲ. ಅಷ್ಟು ದೂರ ಹೋಗುವುದೂ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ನಮ್ಮವರು ಸಿಲುಕಿಕೊಂಡಾಗ ಸೇನೆಯವರು ಬಂದು ಹಗ್ಗ ಕಟ್ಟಿ ಜನರನ್ನು ದಾಟಿಸಿದರು. ಅವರಲ್ಲೊಬ್ಬರು ಆ ಕೆಸರಿನಡಿ ಹೋಗಿಬಿಟ್ಟಿದ್ದರೆ, ಇವರು ಯುದ್ಧದಲ್ಲಿ ಸತ್ತವರಲ್ಲ ಎಂದು ಹೇಳಲು ನಮ್ಮ ಹಿರಿಯರಿಗೆ ನಾಲಿಗೆ ಏಳುತ್ತಿತ್ತೆ?

ನಿಮ್ಮ ಕ್ಯಾಪ್ಟನ್ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯನ್ನು 1932ರಲ್ಲಿ ಉದ್ಘಾಟಿಸುವಾಗ ಅಂದಿನ ಸೇನಾ ಮುಖ್ಯಸ್ಥ ಚೆಟ್‌ವುಡ್ ಅವರು ಅಧಿಕಾರಿಯ ಕರ್ತವ್ಯಕ್ಕೆ ಒಂದು ಕ್ರಮವನ್ನು ಹೇಳಿದ್ದರು: ದೇಶದ ಸುರಕ್ಷತೆ ಮತ್ತು ಗೌರವ ಮೊದಲು, ತನ್ನ ಕೈಕೆಳಗಿನ ಜವಾನರ ಕ್ಷೇಮ ಅನಂತರ, ತನ್ನ ಸುಖ ಮತ್ತು ಜೀವ ಎಲ್ಲಕ್ಕೂ ಕೊನೆಗೆ. ಅಲ್ಲಿ ತರಬೇತಿ ಪಡೆಯುವ ಪ್ರತಿ ಕೆಡೆಟ್‌ಗೂ ಈ ಮಾತು ಕಂಠಪಾಠ. ಜವಾನರನ್ನು ಹುಡುಕಲು ಹೋದ ಆ ತರುಣ ಇದನ್ನು ಅಕ್ಷರಶಃ ಪಾಲಿಸಿದವರು. ಹೀಗಾಗಿ ಅವರು ಯಾವ ಸಾಲಿಗೆ ಸೇರಬೇಕೆಂಬ ಚರ್ಚೆ ನನ್ನ ಮಟ್ಟಿಗೆ ಇಲ್ಲಿಗೆ ಮುಗಿಯಿತು.

ಇನ್ನು ಪ್ರತಿಮೆಯ ವಿಚಾರ. ಸಾರ್ವಜನಿಕ ರಸ್ತೆ ಮತ್ತು ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಗಳಿಗೆ ಅನುಮತಿ ಕೊಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯ ಸರ್ಕಾರಗಳಿಗೆ ಆದೇಶಿಸಿದೆ. ಆದ್ದರಿಂದ ರಸ್ತೆ ಕೂಡುವಲ್ಲಿ ಅಡಿಪಾಯ ತೋಡುವ ಮೊದಲು ಪಂಚಾಯಿತಿಯನ್ನೂ ಜಿಲ್ಲಾಡಳಿತವನ್ನೂ ಕೇಳದಿದ್ದರೆ ಕೂಡಿಸಿದ ಹಣ ವ್ಯರ್ಥವಾದೀತು. ಕಾನೂನು ಹಾಗಿರಲಿ, 2023ರ ಆಗಸ್ಟ್‌ನಲ್ಲಿ ಮಡಿಕೇರಿಯಲ್ಲಿ ಬಸ್ಸೊಂದು ಡಿಕ್ಕಿ ಹೊಡೆದು ಜನರಲ್ ತಿಮ್ಮಯ್ಯನವರ ಪ್ರತಿಮೆಯೇ ನೆಲಕ್ಕುರುಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಪ್ರತಿಮೆ ಬೇಡವೆಂದು ನಾನು ಹೇಳುವುದಿಲ್ಲ. ಮಡಿಕೇರಿಯ ವೃತ್ತಗಳಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರೂ ಶೌರ್ಯ ಚಕ್ರ ಪುರಸ್ಕೃತ ಮೇಜರ್ ಮಂಗೇರಿರ ಮುತ್ತಣ್ಣನವರೂ ನಿಂತಿರುವುದರಿಂದಲೇ ಹೊರಗಿನಿಂದ ಬಂದವರಿಗೆ ಇದು ಎಂಥ ನಾಡೆಂದು ತಿಳಿಯುತ್ತದೆ. ಆದರೆ ಅದೇ ವೃತ್ತವನ್ನು ದಿನವೂ ಹಾದುಹೋಗುವ ಕಾಲೇಜು ಹುಡುಗರನ್ನು ನಿಲ್ಲಿಸಿ, ಇವರು ಏನು ಮಾಡಿ ಮಡಿದರು ಎಂದು ಕೇಳಿ ನೋಡಿ. ದೇಶಕ್ಕಾಗಿ ಪ್ರಾಣ ಕೊಟ್ಟರು ಎಂಬುದರಿಂದ ಆಚೆಗೆ ಹೇಳಬಲ್ಲವರು ಹೆಚ್ಚು ಮಂದಿ ಸಿಗಲಾರರು.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ನಮಗಿಂತ ಜಾಣರಾಗಿದ್ದರು. ಕನ್ನಡನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ ಇರುತ್ತವೆ. ಶಾಸನವಿದ್ದರೆ ಅದರಲ್ಲಿ ಸತ್ತವನು ಯಾರು, ಯಾರ ಕಡೆಯವನು, ಯಾವ ಊರಿನ ದನ ಅಥವಾ ಹೆಣ್ಣುಮಕ್ಕಳನ್ನು ಕಾಯಲು ಹೋದನು ಎಂಬುದಿರುತ್ತದೆ, ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಬಿಟ್ಟ ಭೂಮಿಯ ವಿವರವೂ ಕೆಲವೆಡೆ ಸಿಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಆ ನಾಯಿ ಯಾರದು, ಕಾಡುಹಂದಿಯೊಡನೆ ಎಲ್ಲಿ ಕಾದಾಡಿ ಸತ್ತಿತು ಎಂಬುದನ್ನೂ ಬರೆಸಿದ್ದಾರೆ. ಸಾವಿರ ವರ್ಷಗಳ ಹಿಂದೆ ನಾಯಿಗೆ ಸಂದ ಈ ವಿವರ ಇಂದು ನಮ್ಮ ಕ್ಯಾಪ್ಟನ್‌ಗಳ ಫಲಕಗಳಲ್ಲಿ ಇಲ್ಲವೆಂದರೆ ನಾಚಿಕೆಪಡಬೇಕಾದವರು ನಾವು.

ವಿವರ ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೇವಯ್ಯನವರದೇ ಉದಾಹರಣೆ ಸಾಕು. ಅವರು ವಾಯುಪಡೆಯವರು, ಆದರೆ ಪಾಠ ಮೂರೂ ಪಡೆಗಳಿಗೆ ಒಂದೇ. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ತಂಡದಲ್ಲಿ ಅವರು ಕಾದಿರಿಸಿದ ಪೈಲಟ್ ಆಗಿದ್ದರು. ಮುಂದಿನ ಸಾಲಿನ ವಿಮಾನವೊಂದು ಹಿಂದೆ ಸರಿದಾಗ ಅದರ ಜಾಗ ತುಂಬಿದರು. ದಾಳಿಯ ನಂತರ ಅವರನ್ನು ಅಡ್ಡಗಟ್ಟಿದ್ದು ವೇಗದಲ್ಲಿ ಮಿಸ್ಟೇರ್‌ಗಿಂತ ಎಷ್ಟೋ ಮುಂದಿದ್ದ ಸ್ಟಾರ್‌ಫೈಟರ್ ಯುದ್ಧವಿಮಾನ. ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ನಿಂತು ಕಾದಾಡಿದ ದೇವಯ್ಯನವರು ಆ ಸ್ಟಾರ್‌ಫೈಟರನ್ನು ಕೆಡವಿದರು; ಅದರ ಪೈಲಟ್ ಹೊರಜಿಗಿದು ಬದುಕಿದರು, ದೇವಯ್ಯನವರು ಮರಳಲಿಲ್ಲ. ಅವರಿಗಾಗ 32 ವರ್ಷ. ತಂಡದ ಉಳಿದವರು ಈ ಕಾಳಗವನ್ನು ಕಂಡಿರಲಿಲ್ಲವಾದ್ದರಿಂದ ನಮ್ಮ ದಾಖಲೆಯಲ್ಲಿ ಅವರು ನಾಪತ್ತೆಯಾದವರು, ಅಷ್ಟೇ. ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ ನಡೆದ ಸಂಗತಿ ಹೊರಬಂದು, ಅವರ ದಳದ ಅಂದಿನ ನಾಯಕರು ಅದರ ಬೆನ್ನು ಹತ್ತಿ, ಕಡೆಗೆ 1988ರಲ್ಲಿ, ಎಂದರೆ 23 ವರ್ಷಗಳ ನಂತರ, ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ನಮ್ಮ ವೀರನ ಕಥೆ ಎದುರಾಳಿಯ ಮನೆಯ ಕಾಗದಗಳಿಂದ ನಮಗೆ ಸಿಕ್ಕಿತು.

ಆದ್ದರಿಂದ ಕೂಡಿಸಿದ ಹಣದಲ್ಲಿ ಮೊದಲ ಪಾಲನ್ನು ಬರವಣಿಗೆಗೆ ತೆಗೆದಿಡಿ. ಅಧಿಕಾರಿಯನ್ನು ಅತ್ಯಂತ ಹತ್ತಿರದಿಂದ ಬಲ್ಲವರು ಅವರ ತುಕಡಿಯ ಜವಾನರು ಮತ್ತು ಸುಬೇದಾರರು. ಅವರು ನಿವೃತ್ತರಾಗಿ ಹಿಮಾಚಲದಿಂದ ತಮಿಳುನಾಡಿನವರೆಗೆ ತಮ್ಮ ತಮ್ಮ ಹಳ್ಳಿ ಸೇರಿಕೊಂಡ ಮೇಲೆ ಹುಡುಕುವುದು ಕಷ್ಟ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಮೂಲಕ ಅವರ ಯೂನಿಟ್‌ಗೂ ರೆಜಿಮೆಂಟಲ್ ಸೆಂಟರಿಗೂ ಈಗಲೇ ಪತ್ರ ಬರೆಯಿರಿ. ಆ ದಿನ ಏನಾಯಿತು ಎಂಬುದನ್ನಷ್ಟೇ ಕೇಳದೆ, ಅವರು ಜವಾನರ ರಜೆಯ ಅರ್ಜಿಗಳನ್ನು ಹೇಗೆ ನೋಡುತ್ತಿದ್ದರು, ಅವರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು ಎಂಬುದನ್ನೂ ಕೇಳಿ. ಠಾಣೆಗಳ ನೆಲೆ, ಬಲಾಬಲ ಮುಂತಾದವನ್ನು ಕೇಳಬಾರದು, ಯಾರಾದರೂ ಹೇಳಿದರೂ ಅಚ್ಚು ಹಾಕಬಾರದು. ಹೀಗೆ ಸಿಕ್ಕಿದ್ದನ್ನು ಕುಟುಂಬದವರಿಗೆ ತೋರಿಸಿ ಒಪ್ಪಿಗೆ ಪಡೆದು, ಪುಸ್ತಿಕೆಯಾಗಿ ಊರಿನ ಗ್ರಂಥಾಲಯದಲ್ಲೂ ಶಾಲೆಯಲ್ಲೂ ಅವರ ಮನೆಯಲ್ಲೂ ಇರಿಸಿ. ಪ್ರತಿಮೆಯೋ ಫಲಕವೋ ಆಮೇಲೆ ಬರಲಿ, ಶಾಲೆಯ ಅಥವಾ ಪಂಚಾಯಿತಿಯ ಆವರಣದೊಳಗೆ. ಕಲ್ಲಿನ ಅಕ್ಷರಗಳನ್ನು ಆಳವಾಗಿ ಕೊರೆಸಿ. ನಮ್ಮ ಮಳೆಗೆ ಬಣ್ಣದ ಅಕ್ಷರಗಳು ಹೆಚ್ಚು ಕಾಲ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯಾಗಿದ್ದ ಸೇನಾಧಿಕಾರಿಯ ನೆನಪಿಗೆ ಪ್ರತಿವರ್ಷ ಭಾಷಣ ಸ್ಪರ್ಧೆ ನಡೆಸುತ್ತೇವೆ. ಮಕ್ಕಳು ಪ್ರತಿಸಲವೂ ಅದೇ ವಾಕ್ಯಗಳನ್ನು ಒಪ್ಪಿಸುತ್ತಾರೆ. ಬೇರೇನು ಮಾಡಬಹುದು? (ಸೋಮವಾರಪೇಟೆ ಕಡೆಯ ಶಿಕ್ಷಕಿ)

ಉತ್ತರ: ಮಕ್ಕಳು ಒಪ್ಪಿಸುವುದು ನಾವು ಕಲಿಸಿದ ವಾಕ್ಯಗಳನ್ನೇ, ಮೇಡಂ. ಮೊದಲು ದಿನವನ್ನು ಬದಲಿಸಿ ನೋಡಿ: ಅವರು ಮಡಿದ ದಿನದ ಬದಲು ಹುಟ್ಟಿದ ದಿನದಂದು ಕಾರ್ಯಕ್ರಮವಿರಲಿ. ಶಾಲೆಯ ಹಾಜರಿ ಪುಸ್ತಕದಲ್ಲಿರುವ ಅವರ ಹೆಸರನ್ನೂ, ಹಾಕಿ ತಂಡದ ಹಳೆಯ ಫೋಟೊ ಇದ್ದರೆ ಅದನ್ನೂ, ಅವರು ಯಾವ ವಿಷಯದಲ್ಲಿ ಹಿಂದಿದ್ದರು ಎಂಬುದನ್ನೂ ಮಕ್ಕಳಿಗೆ ತೋರಿಸಿ; ತಮ್ಮದೇ ಬೆಂಚಿನಲ್ಲಿ ಕೂತಿದ್ದ ಹುಡುಗನೆಂದು ತಿಳಿದಾಗ ಮಕ್ಕಳೇ ಪ್ರಶ್ನೆ ಕೇಳತೊಡಗುತ್ತಾರೆ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮೂರು ವರ್ಷ, ಡೆಹ್ರಾಡೂನಿನಲ್ಲಿ ಒಂದು ವರ್ಷ ಕಲಿತು ಬರುವ ಲೆಫ್ಟಿನೆಂಟ್ ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯದಲ್ಲಿ, ತನ್ನ ತಂದೆಯ ವಯಸ್ಸಿಗೆ ಹತ್ತಿರವಿರುವ ಸುಬೇದಾರರನ್ನೂ ಒಳಗೊಂಡ ತುಕಡಿಯ ಹೊಣೆ ಹೊರುವುದು ಎಂಥ ಕೆಲಸ ಎಂಬುದನ್ನು ಊರಿನ ಮಾಜಿ ಸೈನಿಕರಿಂದ ಹೇಳಿಸಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ ಸನ್ನಿಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ, ಕರೆದುಕೊಂಡು ಹೋಗಿ. ಹೆಣ್ಣುಮಕ್ಕಳನ್ನು ಕೇವಲ ಹಾಡು ಹೇಳಲು ನಿಲ್ಲಿಸಬೇಡಿ. ಅಕಾಡೆಮಿಯ ಬಾಗಿಲು 2022ರಿಂದ ಅವರಿಗೂ ತೆರೆದಿದೆ. ಆದರೆ ಒಂದು ಎಚ್ಚರಿಕೆ: ಸಾಯುವುದೇ ದೊಡ್ಡ ಸಾಧನೆಯೆಂದು ಹನ್ನೆರಡು ವರ್ಷದ ಮಗುವಿಗೆ ಅನ್ನಿಸುವಂತೆ ಮಾಡುವ ಭಾಷಣಕಾರರನ್ನು ದಯವಿಟ್ಟು ಕರೆಯಬೇಡಿ. ಆ ಅಧಿಕಾರಿ ಬದುಕಿ ಬರಲೆಂದೇ ಅವರ ತರಬೇತಿಯೆಲ್ಲ ನಡೆದಿತ್ತು.

ಪ್ರಶ್ನೆ: ನನ್ನ ಅಣ್ಣ ಮೇಜರ್ ಆಗಿದ್ದಾಗ ಕಾರ್ಯಾಚರಣೆಯಲ್ಲಿ ತೀರಿಕೊಂಡರು. ಪ್ರತಿವರ್ಷ ಸಂಘದವರು ಬಂದು ನಮ್ಮ ಅತ್ತಿಗೆಯವರನ್ನು ವೇದಿಕೆಗೆ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ. ಅವರಿಗೆ ಇದು ಬೇಡವಾಗಿದೆ. ಬರುವುದಿಲ್ಲವೆಂದರೆ ಊರಿನಲ್ಲಿ ಮಾತಾಗುತ್ತದೆ. (ವಿರಾಜಪೇಟೆಯ ಓದುಗರು)

ಉತ್ತರ: ತಂಗಿ, ಅತ್ತಿಗೆಯವರಿಗೆ ಬೇಡವಾಗಿದ್ದರೆ ಹೋಗಬೇಕಾಗಿಲ್ಲ, ಕಾರಣ ಕೊಡಬೇಕಾಗಿಯೂ ಇಲ್ಲ. ಸಂಘದವರು ಕೆಟ್ಟವರಲ್ಲ; ಗೌರವಿಸಲು ಅವರಿಗೆ ಗೊತ್ತಿರುವ ದಾರಿ ಶಾಲು ಮತ್ತು ಹಾರ ಮಾತ್ರ. ಕುಟುಂಬದ ಪರವಾಗಿ ನೀವೋ ಒಕ್ಕದ (ಮನೆತನದ) ಹಿರಿಯರೋ ಒಂದು ಪತ್ರ ಬರೆದು, ಮುಂದೆ ಮನೆಯಿಂದ ಯಾರು ಬರುತ್ತಾರೆ, ಯಾವ ಫೋಟೊ ಬಳಸಬಹುದು, ಯಾವುದನ್ನು ಬಳಸಬಾರದು ಎಂಬುದನ್ನು ಸೌಜನ್ಯದಿಂದ ತಿಳಿಸಿ. ಊರವರ ಮಾತಿನ ಹಿಂದೆ ಬೇರೊಂದು ನಿರೀಕ್ಷೆ ಇರುವುದನ್ನೂ ನಾನು ಕಂಡಿದ್ದೇನೆ: ವೀರನ ಹೆಂಡತಿ ಜೀವಮಾನವಿಡೀ ಹಾಗೆಯೇ ಇರಬೇಕೆಂಬ ನಿರೀಕ್ಷೆ. ಮರುಮದುವೆಗೆ ಹಿಂದಿನಿಂದಲೂ ಅವಕಾಶ ಕೊಟ್ಟಿರುವ ಕೊಡವರ ನಡುವೆ ಇದು ಎಲ್ಲಿಂದ ಬಂತೋ ತಿಳಿಯದು. ಅಂಥ ಮಾತು ಬಂದರೆ ಉತ್ತರಿಸಬೇಕಾದವರು ಒಕ್ಕದ ಹಿರಿಯರು, ಅತ್ತಿಗೆಯವರಲ್ಲ.

ಮನೆಯ ನೆನಪಿಗೆ ನಿಮ್ಮದೇ ಕ್ರಮಗಳಿವೆ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಕಾರಣರಿಗೆ, ಎಂದರೆ ಗತಿಸಿದ ಹಿರಿಯರಿಗೆ, ಮೀದಿ (ಎಡೆ) ಇಡುವ ದಿನ ಅಣ್ಣನ ಹೆಸರೂ ಸೇರುತ್ತದೆ. ಅದಕ್ಕೆ ಧ್ವನಿವರ್ಧಕ ಬೇಕಿಲ್ಲ. ಮುಂದೆಂದಾದರೂ ದೆಹಲಿಗೆ ಹೋಗುವ ಮನಸ್ಸಾದರೆ, 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ 25,000ಕ್ಕೂ ಹೆಚ್ಚು ಹೆಸರುಗಳನ್ನು ಗ್ರಾನೈಟ್ ಇಟ್ಟಿಗೆಗಳ ಮೇಲೆ ಒಂದೇ ಅಳತೆಯ ಅಕ್ಷರಗಳಲ್ಲಿ ಕೆತ್ತಿದ್ದಾರೆ. ಸಂಜೆ ಹೊತ್ತು ಮಡಿದವರ ಮನೆಯವರೊಬ್ಬರಿಂದ ಪುಷ್ಪಚಕ್ರ ಇಡಿಸುವ ಪದ್ಧತಿಯೂ ಅಲ್ಲಿದೆ. ಅಲ್ಲಿ ಭಾಷಣ ಮಾಡಿಸುವುದಿಲ್ಲವಾದ್ದರಿಂದ ಅತ್ತಿಗೆಯವರಿಗೆ ಒಪ್ಪಿಗೆಯಾದೀತು.

ಪ್ರಶ್ನೆ: ಸ್ಮಾರಕ ಫಲಕಕ್ಕೆ ರಾಷ್ಟ್ರಧ್ವಜ ಹೊದಿಸಿ ಅನಾವರಣ ಮಾಡಬಹುದೆ? (ಕುಶಾಲನಗರದ ಓದುಗರು)

ಉತ್ತರ: ಮಾಡಬಾರದು. ಅನಾವರಣದ ಸಮಾರಂಭದಲ್ಲಿ ಧ್ವಜ ಎದ್ದುಕಾಣುವಂತೆ ಹಾರಬಹುದು, ಆದರೆ ಪ್ರತಿಮೆಗೋ ಫಲಕಕ್ಕೋ ಅದನ್ನು ಹೊದಿಕೆಯಾಗಿ ಬಳಸುವುದನ್ನು ಧ್ವಜಸಂಹಿತೆ ನಿಷೇಧಿಸುತ್ತದೆ. ಸೈನಿಕ ಗೌರವದ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಗೆ ಕೇಸರಿ ಬಣ್ಣ ತಲೆಯ ಕಡೆಗೆ ಬರುವಂತೆ ಧ್ವಜವನ್ನು ಹೊದಿಸುತ್ತಾರೆ. ಅದನ್ನು ಗುಂಡಿಗೆ ಇಳಿಸುವುದಾಗಲಿ ಚಿತೆಯಲ್ಲಿ ಸುಡುವುದಾಗಲಿ ಕೂಡದು, ಮಡಿಸಿ ಮನೆಯವರ ಕೈಗೆ ಕೊಡುತ್ತಾರೆ. ನಿಮ್ಮ ಫಲಕಕ್ಕೆ ಬಿಳಿಯ ಬಟ್ಟೆ ಸಾಕು. ಇನ್ನೊಂದು ವಿಷಯ: ಕಾರ್ಯಕ್ರಮವನ್ನು ಜನವರಿಯಲ್ಲಿ ಇಟ್ಟುಕೊಂಡಿದ್ದೀರೆಂದು ಬರೆದಿದ್ದೀರಿ. ಸೇನಾ ದಿನ ಬರುವ ತಿಂಗಳೆಂಬುದು ನಿಜ, ಆದರೆ ಅದು ಕಾಫಿ ಕೊಯ್ಲಿನ ತಿಂಗಳೂ ಹೌದು. ಬೆಳಿಗ್ಗೆ ಹತ್ತಕ್ಕೆ ಕರೆದರೆ ತೋಟದವರು ಯಾರೂ ಬರಲಾರರು, ಭಾನುವಾರ ಮಧ್ಯಾಹ್ನದ ನಂತರ ಇಟ್ಟುಕೊಳ್ಳಿ.