ಐದಕ್ಷರದ, ‘ಇ’ಯಿಂದ ಮುಗಿಯುವ 50 ಇಂಗ್ಲಿಷ್ ಪದ ಬೇಕು, ಮಗಳಿಗೆ ಕಲಿಸೋದು ಹೇಗೆ?

ಸಕಲೇಶಪುರದಿಂದ ಕೇಳಿದ್ದೀರಿ. ಮಗಳು ಕನ್ನಡ ಮಾಧ್ಯಮದಲ್ಲಿ 6ನೇ ಕ್ಲಾಸು, ಐದಕ್ಷರದ, ಕೊನೆಗೆ ‘ಇ’ ಇರುವ 50 ಪದ ಬರೆದುಕೊಂಡು ಹೋಗಬೇಕು, ಬಾಯಿಪಾಠ ಮಾಡಿಸಿದರೆ ಮಾರನೇ ದಿನಕ್ಕೆ ಆ ‘ಇ’ಯೇ ಮಾಯ ಅಂತ. ಪದ ಕೊಡ್ತೀನಿ. ಆದರೆ ಐವತ್ತನ್ನೂ ಒಂದೇ ಉದ್ದಕ್ಕೆ ಬರೆಸಬೇಡಿ. ಆ ‘ಇ’ ಎಲ್ಲ ಪದದಲ್ಲೂ ಒಂದೇ ಕೆಲಸ ಮಾಡಲ್ಲ. ಕೆಲಸ ನೋಡಿ ಗುಂಪು ಮಾಡಿಸಿ, ಆಗ ನೆನಪಲ್ಲಿ ನಿಲ್ಲುತ್ತೆ.

ಮಾಯ ಆಗೋದಕ್ಕೆ ಕಾರಣ ಇದೆ. ಕನ್ನಡದ ಮಕ್ಕಳು ಕೇಳಿದ್ದನ್ನು ಬರೀತಾರೆ, ಬರೆದಿದ್ದನ್ನು ಪೂರ್ತಿ ಓದ್ತಾರೆ. ‘ಪ್ಲೇಟ್’ ಅಂದಾಗ ಕೊನೆಗೆ ಸ್ವರವೇ ಕೇಳಿಸಲ್ಲ. ಮನೆಯಲ್ಲಿ ಅದು ‘ಪ್ಲೇಟು’, ಅಲ್ಲಿರೋದು ಉ. ಓದುವಾಗ ಉಲ್ಟಾ, ಕಂಡಿದ್ದನ್ನೆಲ್ಲ ಸೇರಿಸಿ ‘ಪ್ಲಾಟೆ’ ಅಂತಾರೆ. ಬೈಯಬೇಡಿ, ಇಂಗ್ಲಿಷರೂ ಹಿಂದೆ ಎಷ್ಟೋ ಪದಗಳ ಕೊನೆಯ ‘ಇ’ಯನ್ನು ಉಚ್ಚರಿಸುತ್ತಿದ್ದರು. 1400ರ ಆಸುಪಾಸಿಗೆ ಅದು ಮಾತಿನಿಂದ ಬಿದ್ದುಹೋಯ್ತು, ಬರಹದಲ್ಲಿ ಮಾತ್ರ ಉಳೀತು.

ದೊಡ್ಡ ಗುಂಪು, ಹಿಂದಿನ ಸ್ವರವನ್ನು ಬದಲಾಯಿಸೋ ‘ಇ’. ಎರಡು ವ್ಯಂಜನ, ಒಂದು ಸ್ವರ, ಒಂದು ವ್ಯಂಜನ, ಆಮೇಲೆ ‘ಇ’. ಇದರಿಂದ 20 ಪದ ತಗೊಳ್ಳಿ: ಪ್ಲೇಟ್, ಸ್ಲೇಟ್, ಸ್ಟೇಟ್, ಸ್ಕೇಟ್, ಗ್ರೇಡ್, ಶೇಡ್, ಟ್ರೇಡ್, ಬ್ಲೇಡ್, ಫ್ರೇಮ್, ಬ್ರೇಕ್, ಸ್ನೇಕ್, ಸ್ಮೈಲ್, ಡ್ರೈವ್, ಸ್ಲೈಡ್, ಸ್ಟೋನ್, ಫೋನ್, ಡ್ರೋನ್, ಗ್ಲೋಬ್, ಸ್ಮೋಕ್, ಫ್ಲೂಟ್. ಅರ್ಧಕ್ಕರ್ಧ ಮಗು ಆಗಲೇ ಕೇಳಿರೋ ಪದಗಳು. ಮರಗಸಿ (ನೆರಳಿನ ಮರಗಳ ಕೊಂಬೆ ಸವರೋದು) ಶುರುವಾದರೆ ಕಾಫಿ ತೋಟದಲ್ಲಿ ದಿನಾ ‘ಶೇಡು’ ‘ಶೇಡು’ ಅನ್ನೋ ಮಾತೇ. ಕಾಫಿ ಮಾರುವಾಗ ‘ಗ್ರೇಡು’. ಅಂಗಡಿ ಗೋಡೆ ಮೇಲೆ ಟ್ರೇಡ್ ಲೈಸೆನ್ಸ್ ತೂಗುಹಾಕಿರ್ತಾರೆ, ಅಲ್ಲೇ ನಿಲ್ಲಿಸಿ ಓದಿಸಿ.

‘ಇ’ ಏನು ಮಾಡ್ತಿದೆ ಅಂತ ತೋರಿಸೋಕೆ ಬೆರಳು ಸಾಕು. ಪಿ-ಎಲ್-ಎ-ಎನ್-ಇ ಬರೆದು ಕೊನೆಯ ಅಕ್ಷರ ಮುಚ್ಚಿ. ‘ಪ್ಲಾನ್’. ಬೆರಳು ತೆಗೀರಿ, ‘ಪ್ಲೇನ್’. ಹಾಗೇ ಸ್ಪಿನ್–ಸ್ಪೈನ್, ಟ್ವಿನ್–ಟ್ವೈನ್, ಸ್ಲಿಡ್–ಸ್ಲೈಡ್, ಪ್ಲಮ್–ಪ್ಲೂಮ್. ಇದನ್ನೇ ಮಗು ತಾನೇ ಬೆರಳಿಟ್ಟು ಮಾಡಲಿ. ನೀವು ಹೇಳಿಕೊಡುವ ನಿಯಮಕ್ಕಿಂತ ಅದು ಗಟ್ಟಿ.

ಈ ಗುಂಪಿನಲ್ಲೇ ಒಂದು ಗುಂಡಿ ಇದೆ. ಒಂದೇ ಸದ್ದು, ಎರಡಕ್ಕೂ ಐದೇ ಅಕ್ಷರ, ಆದರೆ ಒಂದಕ್ಕೆ ಕೊನೆಗೆ ‘ಇ’ ಇಲ್ಲದ ಜೋಡಿಗಳು. ಬಸ್ಸಿನ ಬ್ರೇಕ್‌ಗೆ ಬಿ-ಆರ್-ಎ-ಕೆ-ಇ, ಮುರಿಯೋ ಬ್ರೇಕ್‌ಗೆ ಬಿ-ಆರ್-ಇ-ಎ-ಕೆ. ವಿಮಾನದ ಪ್ಲೇನ್‌ಗೆ ‘ಇ’ ಇದೆ, ಸಾದಾ ಅನ್ನೋ ಅರ್ಥದ ಪ್ಲೇನ್‌ಗೆ ‘ಎ-ಐ’. ಹಾಳುಮಾಡೋ ವೇಸ್ಟ್ ಮತ್ತು ಸೊಂಟದ ವೇಸ್ಟ್ ಕೂಡ ಹೀಗೇ. ಇವನ್ನು ಬರೀ ಪದವಾಗಿ ಡಿಕ್ಟೇಷನ್ ಕೊಟ್ಟರೆ ತಪ್ಪು ಮಗುವಿನದಲ್ಲ, ಕೊಟ್ಟವರದು. ವಾಕ್ಯದಲ್ಲೇ ಹೇಳಿ.

ಮುಂದಿನ 8, ‘ಸಿ’ ಮತ್ತು ‘ಜಿ’ಯನ್ನು ಮೃದು ಮಾಡೋ ‘ಇ’: ಡಾನ್ಸ್, ಜ್ಯೂಸ್, ಸಾಸ್, ವಾಯ್ಸ್, ಲಾಡ್ಜ್, ಜಡ್ಜ್, ಲಾರ್ಜ್, ರೇಂಜ್. ‘ಇ’ ಇಲ್ಲದಿದ್ದರೆ ಕೊನೆಯ ‘ಸಿ’ ಕ್ ಆಗುತ್ತೆ. ಮ್ಯಾಜಿಕ್, ಮ್ಯೂಸಿಕ್ ಪಕ್ಕದಲ್ಲಿಟ್ಟು ತೋರಿಸಿ, ಅವೂ ಐದಕ್ಷರದವೇ. ಲಾಡ್ಜ್‌ನಲ್ಲಿ ನಡುವಿನ ‘ಡಿ’ ಬಿಡೋದು ಮಾಮೂಲಿ ತಪ್ಪು. ಹಿಂದಿನ ಸ್ವರ ಗಿಡ್ಡವಾಗಿದ್ದು ಅದಕ್ಕೇ ಜ್ ಸದ್ದು ಅಂಟಿಕೊಂಡರೆ ‘ಡಿ-ಜಿ-ಇ’. ನಡುವೆ ಬೇರೆ ವ್ಯಂಜನ ಬಂದರೆ (ಲಾರ್ಜ್, ರೇಂಜ್), ಅಥವಾ ಸ್ವರ ಉದ್ದವಾದರೆ (ಸ್ಟೇಜ್), ಬರೀ ‘ಜಿ-ಇ’.

ಹೌಸ್, ಮೌಸ್, ಹಾರ್ಸ್, ನರ್ಸ್, ಗೂಸ್, ನಾಯ್ಸ್: ಇಲ್ಲಿ ‘ಇ’ ಇರೋದು ಈ ‘ಎಸ್’ ಬಹುವಚನದ್ದಲ್ಲ ಅಂತ ತಿಳಿಸೋಕೆ. ‘ಡೆನ್ಸ್’ಗೆ ‘ಇ’ ಹಾಕಿದರೆ ದಟ್ಟ, ತೆಗೆದರೆ ಗುಹೆಗಳು.

ಆಮೇಲೆ ‘ವಿ’. ಇಂಗ್ಲಿಷ್ ಪದ ಸಾಮಾನ್ಯವಾಗಿ ‘ವಿ’ಯಲ್ಲಿ ನಿಲ್ಲಲ್ಲ, ಅದಕ್ಕೇ ಕೊನೆಗೆ ಒಂದು ‘ಇ’ ಸೇರಿಸಿಬಿಡ್ತಾರೆ. ಸರ್ವ್, ಕರ್ವ್, ಸಾಲ್ವ್, ಲೀವ್, ಗ್ಲವ್, ಪ್ರೂವ್. ಹಾಗಾಗಿ ಇಲ್ಲಿ ‘ಇ’ ನೋಡಿ ಸ್ವರ ಊಹಿಸೋಕೆ ಆಗಲ್ಲ. ಡ್ರೋವ್, ಗ್ಲವ್, ಪ್ರೂವ್ ಮೂರಕ್ಕೂ ಬಾಲ ‘ಒ-ವಿ-ಇ’ಯೇ, ಸದ್ದು ಮೂರು ಥರ. ಈ ಗುಂಪಿಗೆ ನಿಯಮ ಹುಡುಕಬೇಡಿ, ಕಿವಿಗೆ ಹಾಕಿ.

ಟೇಬಲ್, ಕೇಬಲ್, ಆಪಲ್, ಅಂಕಲ್, ಟೈಟಲ್, ಸೈಕಲ್ ಬರೆಸುವಾಗ ಮಕ್ಕಳು ಕೊನೆಗೆ ‘ಇ-ಎಲ್’ ಹಾಕ್ತಾರೆ, ಬೇಕಾದ್ದು ‘ಎಲ್-ಇ’. ಆಂಗಲ್ (ಕೋನ) ಬರೆಯೋಕೆ ಹೋಗಿ ಏಂಜಲ್ ಬರೆದುಬಿಡೋದು ಇದರಿಂದಲೇ. ಎರಡೂ ಅದೇ ಐದು ಅಕ್ಷರ. ಆಪಲ್‌ಗೆ ಎರಡು ‘ಪಿ’ ಯಾಕೆ ಅಂತ ಮಗು ಕೇಳಿದರೆ ಟೇಬಲ್ ತೋರಿಸಿ: ಒಂದೇ ‘ಬಿ’, ಸ್ವರ ಉದ್ದ; ಆಪಲ್‌ನಲ್ಲಿ ಎರಡು ‘ಪಿ’, ಸ್ವರ ಗಿಡ್ಡ.

ಉಳಿದ ನಾಲ್ಕಕ್ಕೆ ತ್ರೀ, ವ್ಯಾಲ್ಯೂ, ಮೀಟರ್, ಲೀಟರ್ ಸಾಕು. ಕೊನೆಯ ಎರಡು ಅಮೆರಿಕದ ಸ್ಪೆಲ್ಲಿಂಗ್‌ನಲ್ಲಿ ‘ಇ-ಆರ್’, ನಮ್ಮಲ್ಲಿ ‘ಆರ್-ಇ’. ಮೊಬೈಲ್ ಕೀಬೋರ್ಡ್ ಅಮೆರಿಕದ್ದಾಗಿದ್ದರೆ ಸರಿ ಇದ್ದದ್ದನ್ನೂ ತಿದ್ದುತ್ತೆ, ನೋಡಿಕೊಳ್ಳಿ. ಅಲ್ಲಿಗೆ 50 ಆಯ್ತು. ಕಾಫಿ, ಎಸ್ಟೇಟ್ ಸೇರಿಸೋ ಆಸೆ ಆಗುತ್ತೆ, ಎರಡೂ ‘ಇ’ಯಲ್ಲೇ ಮುಗಿಯುತ್ತವೆ, ಆದರೆ ಆರಕ್ಷರ.

ಇನ್ನೂ ಬೇಕಿದ್ದರೆ ಒನ್‌ಲುಕ್ ಅನ್ನೋ ನಿಘಂಟು ಹುಡುಕಾಟದಲ್ಲಿ ನಾಲ್ಕು ಪ್ರಶ್ನೆ ಚಿಹ್ನೆ, ಕೊನೆಗೆ ‘ಇ’ ಟೈಪ್ ಮಾಡಿ. ರಾಶಿ ಬೀಳುತ್ತೆ, ಮುಕ್ಕಾಲು ಪಾಲು ಯಾರೂ ಬಳಸದ ಪದ. ನೀವೇ ಆರಿಸಿ ಕೊಡಿ, ಮಗುವಿನ ಕೈಗೆ ಹಾಗೇ ಕೊಡಬೇಡಿ.

ದಿನಕ್ಕೆ ಒಂದು ಗುಂಪು, ದೊಡ್ಡದನ್ನು ಮಾತ್ರ ಎರಡು ದಿನಕ್ಕೆ ಹಂಚಿ. ಎಲ್ಲ ಮುಗಿದ ಮೇಲೆ ಗುಂಪು ಕಲಸಿ ಡಿಕ್ಟೇಷನ್ ಕೊಡಿ, ಪ್ರತಿ ಪದದ ಮುಂದೆ ‘ಇ’ಯ ಕೆಲಸ ಏನು ಅಂತ ಎರಡು ಮಾತು ಕನ್ನಡದಲ್ಲೇ ಬರೆಯಲಿ. ತಪ್ಪಿದ ಪದವನ್ನು ಹತ್ತು ಸಲ ಬರೆಸೋ ಬದಲು ಅದೇ ಗುಂಪಿನ ಇನ್ನೆರಡು ಪದ ಹುಡುಕಿಸಿ.